ಚೂರು ಉಲ್ಲನ್ನಿನ ಹೂವಿನ ಹೊದಿಕೆ: ನನ್ನ ಅನುಭವ

“ಅಲ್ಲವ್ವಾ, ಈ ಬಿಸಿಲೂರಿನಲ್ಲಿ ಉಲ್ಲನ್ ಯಾರು ಹೊದೆಯುತ್ತಾರೆ?” ಎಂದು ಅತ್ತೆ ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಕಲಬುರಗಿಯಲ್ಲಿ ಚಳಿ ಎಂದರೆ ಕೆಲವು ವಾರಗಳ ಮಾತು. ನಮ್ಮ ಓಣಿಯಲ್ಲಿ ಬಾಗಿಲ ತೋರಣ ಹೆಣೆಯುವವರು ಐದಾರು ಜನರಿದ್ದಾರೆ. ಚೂರು ದಾರದಿಂದ ಗೊಂಬೆಯ ಜಡೆ ಆದೀತು, ಹೊದಿಕೆ ಆಗುವುದಿಲ್ಲ ಎಂದು ಅವರೂ ಹೇಳಿದರು. ಅದೇ ಚೂರು ದಾರದಿಂದ ಕಳೆದ ಚಳಿಗಾಲದಲ್ಲಿ ಹನ್ನೊಂದು ತೊಟ್ಟಿಲ ಹೊದಿಕೆ ಹೆಣೆದು ಮಾರಿದ್ದೇನೆ. ಒಂದೂ ವಾಪಸು ಬಂದಿಲ್ಲ. ಹೇಗೆಂದು ಕೇಳುವವರು ಹೆಚ್ಚಾಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಕೊಕ್ಕೆ ತುದಿಯ ಕ್ರೋಶಾ ಕಡ್ಡಿಯಲ್ಲಿ ಸರಪಳಿ (ಚೈನ್), ಕಂಬ (ಉದ್ದ ಹೊಲಿಗೆ) ಹಾಕಲು ಬರುವವರಿಗಾಗಿ ಇದು. ನಡುವೆ ಹೂವಿರುವ ಚೌಕಗಳನ್ನು ಒಂದೊಂದಾಗಿ ಹೆಣೆದು ಜೋಡಿಸಿದರೆ ಹೊದಿಕೆ.

ಮೊದಲ ಸಲ ಮೂರು ಕಿಲೋ ಚೂರು ತಂದಿದ್ದೆ, ಕಿಲೋಗೆ ಸುಮಾರು 200 ರೂಪಾಯಿ. ಅದರಲ್ಲಿ ಹತ್ತಿರ ಹತ್ತಿರ ಒಂದು ಕಿಲೋ ಬಿಡಿಸಲಾಗದ ಸಿಕ್ಕು. ಉಳಿದದ್ದನ್ನು ಕೆಂಪಿನದೊಂದು ಡಬ್ಬಿ, ಹಸಿರಿನದೊಂದು ಡಬ್ಬಿ ಎಂದು ಬಣ್ಣದ ಪ್ರಕಾರ ಬೇರ್ಪಡಿಸಿ 108 ಚೌಕ ಹೆಣೆದೆ. ಎರಡೂವರೆ ತಿಂಗಳು ಹಿಡಿಯಿತು. ಮಂಚದ ಮೇಲೆ ಹರವಿ ನೋಡಿದರೆ ಒಂದು ನಾಲ್ಕೂವರೆ ಇಂಚು, ಪಕ್ಕದ್ದು ಐದೂವರೆ. ಎಳೆದೆಳೆದು ಜೋಡಿಸಿದೆ. ನಡುನಡುವೆ ಹಂಚಿನ ಮೇಲಿನ ಜೋಳದ ರೊಟ್ಟಿಯಂತೆ ಉಬ್ಬಿ ನಿಂತಿತು. ಒಗೆದಾಗ ಕೆಂಪು ಹತ್ತಿ ದಾರ ಬಣ್ಣ ಬಿಟ್ಟು ಸುತ್ತಲಿನ ಬಿಳಿಯೆಲ್ಲ ಗುಲಾಬಿಯಾಯಿತು. ಕುಳಿತು ಅಷ್ಟನ್ನೂ ಬಿಚ್ಚಿದೆ.

ದಾರಿ ತೋರಿಸಿದ್ದು ಅಜ್ಜಿ ಹೊಲಿದ ಕೌದಿ. ಅದರಲ್ಲಿ ಇಳಕಲ್ ಸೀರೆಯ ತುಂಡಿದೆ, ಧೋತರವಿದೆ, ಅಂಗಿಯಿದೆ. ಇಲ್ಲದ ಬಣ್ಣವಿಲ್ಲ, ಆದರೂ ಕಣ್ಣಿಗೆ ಗೊಂದಲವಿಲ್ಲ, ಏಕೆಂದರೆ ಅಂಚಿನ ಪಟ್ಟಿ ಒಂದೇ ಬಣ್ಣದ್ದು. ದಪ್ಪ ಬಟ್ಟೆಯ ಪಕ್ಕದಲ್ಲಿ ತೆಳು ಬಟ್ಟೆಯನ್ನು ಅಜ್ಜಿ ಎಲ್ಲಿಯೂ ಇಟ್ಟಿರಲಿಲ್ಲ. ಅಂದಿನಿಂದ ನಾನು ಚೂರುಗಳನ್ನು ದಪ್ಪ ನೋಡಿ ವಿಂಗಡಿಸುತ್ತೇನೆ. ಮಕ್ಕಳ ಸ್ಕೇಲಿಗೆ ದಾರವನ್ನು ಬಿಗಿಯದೆ, ಒತ್ತಾಗಿ ಸುತ್ತಿ, ಒಂದು ಇಂಚಿನಲ್ಲಿ ಎಷ್ಟು ಸುತ್ತು ಕೂರುತ್ತವೆ ಎಂದು ಎಣಿಸುವುದು. 11-12 ಬಂದರೆ ಒಂದು ಡಬ್ಬಿ, 15ರ ಆಸುಪಾಸು ಬಂದರೆ ಇನ್ನೊಂದು. ತೀರಾ ತೆಳುವಾದದ್ದನ್ನು ಎರಡೆಳೆ ಕೂಡಿಸಿ ಮತ್ತೆ ಸುತ್ತಿ ನೋಡುತ್ತೇನೆ. ಯಾವ ದಾರವೆಂದು ಅನುಮಾನ ಬಂದರೆ ಬೆಂಕಿಕಡ್ಡಿ ಗೀರಬೇಕು: ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ, ಉಣ್ಣೆ ಸುಟ್ಟ ಕೂದಲಿನಂತೆ ನಾರುತ್ತದೆ, ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ಒಂದು ಹೊದಿಕೆಗೆ ಒಂದೇ ಜಾತಿಯ ದಾರ. ಗಾಢ ಬಣ್ಣವಾದರೆ ಒದ್ದೆ ಬಿಳಿ ಬಟ್ಟೆಯಲ್ಲಿ ರಾತ್ರಿಯಿಡೀ ಸುತ್ತಿಟ್ಟು, ಬಣ್ಣ ಬಿಡುತ್ತದೆಯೇ ಎಂದು ನೋಡಿದ ಮೇಲೆಯೇ ಕ್ರೋಶಾ ಕಡ್ಡಿಗೆ ಹಾಕುತ್ತೇನೆ.

ಹೂವಿಗೆ ಎಂಟು ಎಸಳು. ಆರೆಸಳಿನ ಹೂವು ನೋಡಲು ಚೆಂದ, ಆದರೆ ನಾಲ್ಕು ಮೂಲೆಗೆ ಹಂಚುವಾಗ ಲೆಕ್ಕ ಕೂಡದೆ ಚೌಕ ಓರೆಯಾಗುತ್ತದೆ. ಮೂವತ್ತು ಚೌಕ ಹಾಳಾದ ಮೇಲೆ ಅದನ್ನು ಕೈಬಿಟ್ಟೆ. ನಡುವೆ 16 ಕಂಬ, ಎರಡು ಕಂಬಕ್ಕೊಂದು ಎಸಳು, ಎಸಳ ಹಿಂದೆ ಸರಪಳಿಯ ಎಂಟು ಕಮಾನು, ಒಂದು ಬಿಟ್ಟು ಒಂದು ಕಮಾನಿನಲ್ಲಿ ಮೂಲೆ. ಕಮಾನಿನವರೆಗೆ ಚೂರು ದಾರ. ಮೂಲೆಯ ಸುತ್ತಿನಿಂದ ಆಚೆಗೆ ಎಲ್ಲ ಚೌಕಕ್ಕೂ ಒಂದೇ ಕೆನೆ ಬಣ್ಣದ ಹೊಸ ದಾರ. ಚೌಕ ಕಿರಿದಾಗುತ್ತಿದ್ದರೆ ಕೊನೆಯ ಸುತ್ತಿಗೆ ಮಾತ್ರ 3.5ರ ಬದಲು 4 ಮಿಲಿಮೀಟರ್ ಕಡ್ಡಿ ಹಿಡಿಯುತ್ತೇನೆ. ಐದು ಇಂಚಿನ ರಟ್ಟು ಕತ್ತರಿಸಿಟ್ಟಿದ್ದೇನೆ, ಅದಕ್ಕೆ ಕೂರದ ಚೌಕವನ್ನು ಜೋಡಿಸುವುದಿಲ್ಲ. ಮೂಲೆ ಮುದುಡದಂತೆ ನಿಲ್ಲಿಸಲು ಒಂದು ಉಪಾಯವಿದೆ, ಅದು ನನ್ನ ಕೈಯಲ್ಲೇ ಇರಲಿ.

ದಾರದ ತುದಿಗಳ ವಿಷಯ ಮಾತ್ರ ಮುಚ್ಚಿಡುವುದಿಲ್ಲ, ಕೂಸು ಹೊದೆಯುವ ವಸ್ತು ಇದು. ಚೌಕದಲ್ಲಿ ನಾಲ್ಕು ಬಣ್ಣವಿದ್ದರೆ ಎಂಟು ತುದಿ, ಒಂದು ಹೊದಿಕೆಯ 36 ಚೌಕಕ್ಕೆ 288. ನಾಲ್ಕು ಇಂಚಿಗಿಂತ ಕಡಿಮೆ ಬಿಡಬೇಡಿ. ಮುಂದಿನ ಸುತ್ತಿನೊಳಗೆ ಮುಚ್ಚಿಕೊಂಡು ಹೆಣೆದ ಮೇಲೂ ಸೂಜಿಯಿಂದ ಒಮ್ಮೆ ಹಿಮ್ಮುಖವಾಗಿ ಹೊಲಿಯಿರಿ. ನಾನು ಹಾಗೆ ಮಾಡದೆ ಮನೆಮಟ್ಟಿಗೆ ಹೆಣೆದ ಒಂದು ಹೊದಿಕೆಯಲ್ಲಿ ಅಕ್ಕನ ಮೊಮ್ಮಗ ಎಸಳನ್ನೇ ಕಿತ್ತು ಬಾಯಿಗಿಟ್ಟುಕೊಂಡಿದ್ದ. ಆ ಹೆದರಿಕೆ ಇನ್ನೂ ಹೋಗಿಲ್ಲ. ಕಮಾನುಗಳನ್ನೂ ಬಿಗಿಯಾಗಿಯೇ ಹಾಕುತ್ತೇನೆ, ಬೆರಳು ಸಿಕ್ಕಿಕೊಳ್ಳಬಾರದು.

ಇಸ್ತ್ರಿಯನ್ನು ಅಕ್ರಿಲಿಕ್‌ಗೆ ನೇರವಾಗಿ ಒತ್ತಿದರೆ ಎಸಳು ಚಪ್ಪಟೆಯಾಗಿ, ಹೊಳೆದು, ಜೀವ ಕಳೆದುಕೊಳ್ಳುತ್ತದೆ. ಒದ್ದೆ ಬಟ್ಟೆ ಮುಚ್ಚಿ, ಇಸ್ತ್ರಿಯನ್ನು ತಾಗಿಸದೆ ಮೇಲೆಯೇ ಆಡಿಸಿ ಆವಿ ಕೊಟ್ಟರೆ ಸಾಕು.

ಒಂದು ಹೊದಿಕೆಯ ಲೆಕ್ಕ ಹೀಗಿದೆ. ಆರು ಸಾಲು, ಸಾಲಿಗೆ ಆರು ಚೌಕ, ಒಟ್ಟು ಸುಮಾರು 400 ಗ್ರಾಂ. ಚೂರಿಗೆ 50 ರೂಪಾಯಿ, ಕೆನೆ ದಾರಕ್ಕೆ 100ರ ಹತ್ತಿರ. ದಿನಕ್ಕೆ ಎರಡು ಗಂಟೆ ಕುಳಿತರೆ ಹತ್ತು ದಿನದ ಕೆಲಸ. ಮಾರಿದ್ದು 1,300, 1,400ಕ್ಕೆ. ಆದರೆ ಈ ಬೆಲೆ ಮೊದಲೇ ಸಿಗಲಿಲ್ಲ. ಹೋಳಿಯ ನಂತರ ಬರುವ ಶರಣಬಸವೇಶ್ವರರ ಜಾತ್ರೆಯಲ್ಲಿ ಐದು ದಿನ ಕುಳಿತೆ. ಬಿಸಿಲೇರಿತ್ತು, ಮುಟ್ಟಿ ನೋಡಿದವರೆಲ್ಲ ಹೊಗಳಿ ಮುಂದೆ ಹೋದರು. ಜಾಗದ ಬಾಡಿಗೆ, ಊಟ ಸೇರಿ 1,500ರಷ್ಟು ಕೈಬಿಟ್ಟಿತು. ಅಕ್ಕನನ್ನು ಕೊಟ್ಟದ್ದು ಬೀದರಿಗೆ. ಅಲ್ಲಿನ ಚಳಿ ನಮ್ಮದರಂತಲ್ಲ. ನವೆಂಬರ್‌ನಲ್ಲಿ ಮೂರು ಹೊದಿಕೆಗಳನ್ನು ಅವಳ ಮನೆಗೆ ಕಳಿಸಿದೆ. ಒಂದು ತೊಟ್ಟಿಲ ಕಾರ್ಯದಲ್ಲಿ ನಾಲ್ಕು ಜನ ನೋಡಿದ್ದೇ ಸಾಕಾಯಿತು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಬಿಳಿ ಚೂರುಗಳನ್ನು ಅರಿಸಿನದಲ್ಲಿ ಕುದಿಸಿದೆ. ಅಕ್ರಿಲಿಕ್ ಒಂದೇ ಒಗೆತಕ್ಕೆ ಬಿಳಿಚಿತು. ಹತ್ತಿ ಚೆನ್ನಾಗಿ ಹಿಡಿದರೂ ಬಿಸಿಲಿಗೆ ಮಾಸಿತು. ಅಕ್ಕನ ಮನೆಯಲ್ಲಿದ್ದ ಬಿದರಿ ಹೂಜಿಯನ್ನು ನೋಡಿ, ಕಪ್ಪಿನ ಮೇಲೆ ಬೆಳ್ಳಿಯ ಹೂಬಳ್ಳಿಯಿದ್ದ ಹಾಗೆ, ಕೆನೆಯ ಬದಲು ಕಪ್ಪು ದಾರ ಹಾಕಿ ಬೂದು, ಬಿಳಿ ಹೂವು ಹೆಣೆದೆ. ನನ್ನ ಕೈಯಿಂದ ಬಂದ ಕೆಲಸಗಳಲ್ಲಿ ಅಷ್ಟು ಚೆಲುವಾದದ್ದು ಇನ್ನೊಂದಿಲ್ಲ. ತೊಟ್ಟಿಲಿಗೆ ಕಪ್ಪು ಬೇಡವೆಂದರು. ದಿಂಬಿನ ಕವರು ಮಾಡಿದೆ. ಎರಡು 450ರಂತೆ ಹೋದವು, ಇನ್ನೂ ನಾಲ್ಕು ಕೇಳಿದ್ದಾರೆ. ಈಗ ಬೂದು ದಾರ ಮುಗಿದಿದೆ, ಚೂರಿನಲ್ಲಿ ಆ ಬಣ್ಣ ಸಿಗುವುದು ಅಪರೂಪ. ಯಾರ ಮನೆಯಲ್ಲಾದರೂ ಇದ್ದೀತೆಂದು ಅತ್ತೆ ಬೆಳಿಗ್ಗೆಯೇ ಚೀಲ ಹಿಡಿದು ಓಣಿಗೆ ಹೋಗಿದ್ದಾರೆ.