ಪೊಟ್ಯಾಸಿಯಂ ಕೊಟ್ಟ ಎಲೆಕ್ಟ್ರಾನ್ ಎಲ್ಲಿ ಕೂರುತ್ತದೆ? ಸಾವಯವ ಫಿಲ್ಮ್‌ಗಳ ಡೋಪಿಂಗ್: ನನ್ನ ಅನುಭವ

ಸಾವಯವ ಅಣುಗಳ ತೆಳು ಫಿಲ್ಮ್‌ಗೆ ಪೊಟ್ಯಾಸಿಯಂನಂಥ ಕ್ಷಾರ ಲೋಹವನ್ನು ಸೇರಿಸಿದಾಗ ಲೋಹದ ಹೊರ ಕವಚದ ಎಲೆಕ್ಟ್ರಾನ್ ಅಣುವಿನ ಖಾಲಿ ಕಕ್ಷಕಗಳಲ್ಲಿ ಅತಿ ಕೆಳಗಿನದಕ್ಕೆ, ಅಂದರೆ ಲೂಮೊಗೆ, ದಾಟುತ್ತದೆ. ಹೀಗೆ ಲೋಹ ಬೆರೆಸುವುದೇ ಡೋಪಿಂಗ್. ಖಾಲಿ ಪಾತ್ರೆಗೆ ನೀರು ತುಂಬಿದಂತೆ ಇದ್ದ ಮಟ್ಟಗಳೇ ತುಂಬುತ್ತ ಹೋಗುತ್ತವೆ ಎಂಬ ಸರಳ ಚಿತ್ರ ಇದರಿಂದ ಮನಸ್ಸಿನಲ್ಲಿ ನಿಲ್ಲುತ್ತದೆ. ಫುಲ್ಲರೀನ್ ಸಿ60 (ಅರವತ್ತು ಇಂಗಾಲದ ಪರಮಾಣುಗಳ ಚೆಂಡಿನಂಥ ಅಣು) ಮತ್ತು ತಾಮ್ರದ ಥ್ಯಾಲೊಸಯನೀನ್ (ನಡುವೆ ತಾಮ್ರವಿರುವ ಚಪ್ಪಟೆ ಅಣು) ಎರಡನ್ನೂ ಒಂದೇ ನಿರ್ವಾತ ಕೋಣೆಯಲ್ಲಿ ಡೋಪ್ ಮಾಡಿ ನೋಡಿದ ನನಗೆ, ಈ ಚಿತ್ರ ಎರಡನೆಯದಕ್ಕೆ ಒಗ್ಗುವುದೇ ಇಲ್ಲ, ಮೊದಲನೆಯದಕ್ಕೂ ಅರ್ಧ ಮಾತ್ರ ಒಗ್ಗುತ್ತದೆ ಎನ್ನಿಸಿದೆ.

ಕ್ರಮ ಹೀಗಿತ್ತು. ಆರ್ಗಾನ್ ಅಯಾನುಗಳಿಂದ ಉಜ್ಜಿ ಕಾಯಿಸಿ ಶುದ್ಧಗೊಳಿಸಿದ ಚಿನ್ನದ ಮೇಲೆ ಅಣುಗಳನ್ನು ಆವಿಯಾಗಿಸಿ ಕೆಲವು ನ್ಯಾನೊಮೀಟರ್ ದಪ್ಪದ ಫಿಲ್ಮ್ ಬೆಳೆಸಿದೆ. ಕೋಣೆಯ ಒತ್ತಡ 10⁻¹⁰ ಮಿಲಿಬಾರ್ ಶ್ರೇಣಿಯಲ್ಲಿತ್ತು. ವಿದ್ಯುತ್ ಹರಿಸಿದರೆ ಬಿಸಿಯಾಗಿ ಪೊಟ್ಯಾಸಿಯಂ ಆವಿ ಬಿಡುವ ಪುಟ್ಟ ಲೋಹದ ದೋಣಿಯೇ ಡೋಪಿಂಗ್‌ನ ಮೂಲ. ಇದನ್ನು ಶಟರ್ ಮುಚ್ಚಿಟ್ಟು ನಿಧಾನವಾಗಿ ಕಾಯಿಸಿ, ಅನಿಲ ಬಿಡುವುದು ಪೂರ್ತಿ ನಿಂತ ಮೇಲಷ್ಟೇ ಫಿಲ್ಮ್‌ನತ್ತ ತೆರೆಯಬೇಕು. ಪ್ರತಿ ಸಲ ಚೂರು ಪೊಟ್ಯಾಸಿಯಂ ಹಾಕಿದ ನಂತರ 21.2 ಎಲೆಕ್ಟ್ರಾನ್ ವೋಲ್ಟ್‌ನ ಹೀಲಿಯಂ ದೀಪದಿಂದ ವೇಲೆನ್ಸ್ (ಹೊರಗಿನ) ಮಟ್ಟಗಳನ್ನೂ, ಎಕ್ಸ್-ಕಿರಣದಿಂದ ಒಳ ಮಟ್ಟಗಳನ್ನೂ ಅಳೆದೆ. ಬೆಳಕು ಹೊಡೆದು ಹೊರಬಿದ್ದ ಎಲೆಕ್ಟ್ರಾನ್‌ಗಳ ಶಕ್ತಿಯಿಂದ ಅವು ಯಾವ ಮಟ್ಟದಲ್ಲಿದ್ದವು ಎಂಬುದು ತಿಳಿಯುತ್ತದೆ; ಪ್ರತಿ ಮಟ್ಟವೂ ಅಳತೆಯಲ್ಲಿ ಒಂದು ಶಿಖರವಾಗಿ ಕಾಣುತ್ತದೆ.

ಆರಂಭದ ಚೂರುಗಳಲ್ಲಿ ಥ್ಯಾಲೊಸಯನೀನ್‌ನ ಹೋಮೊ (ತುಂಬಿದ ಕಕ್ಷಕಗಳಲ್ಲಿ ಅತಿ ಮೇಲಿನದು) ಶಿಖರ, ಇಂಗಾಲದ ಒಳ ಮಟ್ಟವಾದ 1ಎಸ್‌ನ ಶಿಖರ, ದ್ವಿತೀಯಕ ಎಲೆಕ್ಟ್ರಾನ್‌ಗಳ (ದಾರಿಯಲ್ಲಿ ಶಕ್ತಿ ಕಳೆದುಕೊಂಡು ಹೊರಬಂದವುಗಳ) ಕೊನೆಯ ಅಂಚು, ಎಲ್ಲವೂ ಒಟ್ಟಾಗಿ ಹೆಚ್ಚಿನ ಬಂಧನ ಶಕ್ತಿಯತ್ತ ಸರಿದವು. ಇದನ್ನು ಎಲೆಕ್ಟ್ರಾನಿಕ್ ರಚನೆಯ ಬದಲಾವಣೆ ಎಂದು ಬರೆದುಬಿಡುವವರಿದ್ದಾರೆ, ನಾನು ಒಪ್ಪುವುದಿಲ್ಲ. ಇಲ್ಲಿ ಫರ್ಮಿ ಮಟ್ಟ (ಎಲೆಕ್ಟ್ರಾನ್‌ಗಳು ಎಲ್ಲಿಯವರೆಗೆ ತುಂಬುತ್ತವೆ ಎಂಬುದರ ಗಡಿ) ಲೂಮೊದ ಕಡೆಗೆ ಏರಿದೆ, ಕಾರ್ಯಫಲನ (ಎಲೆಕ್ಟ್ರಾನನ್ನು ಫಿಲ್ಮ್‌ನಿಂದ ಹೊರತೆಗೆಯಲು ಬೇಕಾದ ಕನಿಷ್ಠ ಶಕ್ತಿ) ತಗ್ಗಿದೆ, ಅಷ್ಟೆ. ನಿಜವಾದ ಬದಲಾವಣೆ ಅದರ ಮುಂದಿನ ಹಂತದಲ್ಲಿ ಬರುತ್ತದೆ: ಹೋಮೊ, ಲೂಮೊಗಳ ನಡುವೆ ಅಲ್ಲಿಯವರೆಗೆ ಚಪ್ಪಟೆಯಾಗಿದ್ದ ಶಕ್ತಿ ಅಂತರದೊಳಗೆ, ಲಂಬ ಅಕ್ಷವನ್ನು ಹಿಗ್ಗಿಸಿದರಷ್ಟೇ ಕಾಣುವ ಒಂದು ಉಬ್ಬು ಹುಟ್ಟಿ, ಮುಂದಿನ ಚೂರುಗಳೊಂದಿಗೆ ಸ್ವತಂತ್ರ ಶಿಖರವಾಗಿ ಬೆಳೆಯುತ್ತದೆ. ಅದೇ ಹೊತ್ತಿಗೆ ಹೋಮೊ ಅಗಲವಾಗಿ ರೂಪ ಬದಲಿಸುತ್ತದೆ, ಏಕೆಂದರೆ ಹೆಚ್ಚುವರಿ ಎಲೆಕ್ಟ್ರಾನ್ ಬಂದ ಅಣುವಿನ ಬಂಧಗಳ ಉದ್ದವೇ ಬದಲಾಗಿರುತ್ತದೆ.

ನನ್ನ ಗಮನ ಇದ್ದದ್ದು ಆ ಹೊಸ ಶಿಖರ ಫರ್ಮಿ ಮಟ್ಟವನ್ನು ಮುಟ್ಟುತ್ತದೆಯೇ ಎಂಬುದರ ಮೇಲೆ; ಮುಟ್ಟಿದರೆ ಫಿಲ್ಮ್ ಲೋಹದಂತೆ ವಿದ್ಯುತ್ ಹರಿಸುತ್ತದೆ. ಥ್ಯಾಲೊಸಯನೀನ್‌ನಲ್ಲಿ ಎಷ್ಟು ಪೊಟ್ಯಾಸಿಯಂ ಹಾಕಿದರೂ ಮುಟ್ಟಲಿಲ್ಲ. ಒಂದು ಅಣುವಿನ ಮೇಲೆ ಈಗಾಗಲೇ ಎಲೆಕ್ಟ್ರಾನ್ ಇರುವಾಗ ಇನ್ನೊಂದನ್ನು ಕೂರಿಸಲು ತಗಲುವ ವಿಕರ್ಷಣ ಶಕ್ತಿ, ಪಕ್ಕದ ಅಣುಗಳ ನಡುವೆ ಎಲೆಕ್ಟ್ರಾನ್ ಹಾರಾಡುವುದರಿಂದ ಸಿಗುವ ಪಟ್ಟಿಯ ಅಗಲಕ್ಕಿಂತ ಬಹಳ ದೊಡ್ಡದು. ಹೀಗಾಗಿ ಅರೆತುಂಬಿದ ಮಟ್ಟವೇ ಸೀಳಿ ಎರಡಾಗುತ್ತದೆ. ಫಿಲ್ಮ್ ಅವಾಹಕವಾಗಿಯೇ ಉಳಿಯುತ್ತದೆ.

ಸಿ60ರ ಕಥೆ ಬೇರೆ. ಅದರ ಲೂಮೊ ಸಮಶಕ್ತಿಯ ಮೂರು ಕಕ್ಷಕಗಳ ಗುಂಪಾದ್ದರಿಂದ ಆರು ಎಲೆಕ್ಟ್ರಾನ್‌ಗಳಿಗೆ ಜಾಗವಿದೆ. ಅಣುವಿಗೆ ಮೂರು ಪೊಟ್ಯಾಸಿಯಂ ಸೇರಿದಾಗ ಫರ್ಮಿ ಮಟ್ಟದಲ್ಲಿ, ಚಿನ್ನದಲ್ಲಿ ಕಾಣುವಂಥದೇ, ಕಡಿದಾದ ಅಂಚು ಕಂಡಿತು. 1991ರಲ್ಲಿ ಬೆಲ್ ಪ್ರಯೋಗಾಲಯದವರು ಸುಮಾರು 18 ಕೆಲ್ವಿನ್‌ನಲ್ಲಿ ಅತಿವಾಹಕತೆಯನ್ನು ಕಂಡದ್ದು ಇದೇ ಸಂಯೋಜನೆಯಲ್ಲಿ. ಆರು ಸೇರಿದಾಗ ಲೂಮೊ ಪೂರ್ತಿ ತುಂಬಿ ಅಂಚು ಮಾಯವಾಯಿತು. ಇಷ್ಟರವರೆಗೆ ಪಾತ್ರೆಯ ಚಿತ್ರ ಸರಿ. ಆದರೆ ನಾಲ್ಕು ಪೊಟ್ಯಾಸಿಯಂ ಇರುವ ಸಂಯುಕ್ತದಲ್ಲಿ ಲೂಮೊ ಪೂರ್ತಿ ತುಂಬಿರದಿದ್ದರೂ ಅದು ಅವಾಹಕ; ಅಣುವಿನ ಆಕಾರ ತುಸು ವಿಕಾರಗೊಳ್ಳುವುದೂ ವಿಕರ್ಷಣೆಯೂ ಸೇರಿ ಅಲ್ಲಿ ಅಂತರ ತೆರೆಯುತ್ತದೆ. ವಿಕರ್ಷಣೆಯನ್ನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳದ ಸಾಂದ್ರತಾ ಫಲನ ಗಣನೆಗಳು (ಎಲೆಕ್ಟ್ರಾನ್ ಸಾಂದ್ರತೆಯಿಂದ ಮಟ್ಟಗಳನ್ನು ಕಂಪ್ಯೂಟರ್‌ನಲ್ಲಿ ಲೆಕ್ಕಹಾಕುವ ವಿಧಾನ) ಇಂಥ ಫಿಲ್ಮ್‌ಗಳನ್ನು ಸಲೀಸಾಗಿ ಲೋಹವೆಂದು ತೋರಿಸುತ್ತವೆ, ಹಾಗಾಗಿ ಗಣನೆಯ ಚಿತ್ರವೊಂದನ್ನೇ ನಾನು ಸಾಕ್ಷಿಯಾಗಿ ಇಟ್ಟುಕೊಳ್ಳುವುದಿಲ್ಲ.

ಅಣುವಿಗೆ ಎಷ್ಟು ಪೊಟ್ಯಾಸಿಯಂ ಎಂಬುದನ್ನು ಆವಿ ಬಿಟ್ಟ ಸಮಯದಿಂದ ಅಂದಾಜಿಸುವುದನ್ನು ನಾನು ನಂಬುವುದಿಲ್ಲ. ಪೊಟ್ಯಾಸಿಯಂನ ಒಳ ಮಟ್ಟವಾದ 2ಪಿಯ ಜೋಡಿ ಶಿಖರಗಳು ಇಂಗಾಲದ 1ಎಸ್‌ಗೆ ಹತ್ತಿರದಲ್ಲೇ, 295 ಎಲೆಕ್ಟ್ರಾನ್ ವೋಲ್ಟ್‌ನ ಆಸುಪಾಸಿನಲ್ಲಿ ಬರುವುದರಿಂದ ಒಂದೇ ಅಳತೆಯಲ್ಲಿ ಎರಡರ ವಿಸ್ತೀರ್ಣವನ್ನೂ ಹೋಲಿಸಬಹುದು. ಇಂಗಾಲದ ಉಪಶಿಖರಗಳ ಬಾಲವನ್ನು ಮಾತ್ರ ಮೊದಲೇ ಕಳೆಯಬೇಕು. ಲಂಬವಾಗಿಯೂ ಓರೆಯಾಗಿಯೂ ಅಳೆದಾಗ ಅನುಪಾತ ಒಂದೇ ಬಂದರೆ ಲೋಹ ಮೇಲ್ಪದರದಲ್ಲೇ ಉಳಿಯದೆ ಒಳಗಿಳಿದಿದೆ ಎನ್ನಬಹುದು. ಹಾಗೆಂದು ಸರಾಸರಿಯನ್ನು ಪೂರ್ತಿ ನಂಬುವಂತಿಲ್ಲ: ಸಿ60ರಲ್ಲಿ ಸರಾಸರಿ ಎರಡು ಬಂದರೆ, ಅದು ಹೆಚ್ಚುಕಡಿಮೆ ಡೋಪ್ ಆಗದೇ ಉಳಿದ ಭಾಗವೂ ಮೂರು ಪೊಟ್ಯಾಸಿಯಂನ ಭಾಗವೂ ಬೆರೆತ ಮಿಶ್ರಣವಾಗಿರಬಹುದು.

ಅವಾಹಕ ಫಿಲ್ಮ್‌ನಲ್ಲಿ ಕಂಡ ಪ್ರತಿ ಸರಿತಕ್ಕೂ ದೀಪದ ಬೆಳಕನ್ನು ತಗ್ಗಿಸಿ ಮತ್ತೊಮ್ಮೆ ಅಳೆಯುತ್ತಿದ್ದೆ. ಬೆಳಕಿನೊಂದಿಗೆ ಶಿಖರವೂ ಕದಲಿದರೆ ಅದು ಫಿಲ್ಮ್ ಮೇಲೆ ಕೂಡಿಕೊಂಡ ವಿದ್ಯುದಾವೇಶದ ಫಲ. ಇನ್ನು, ಡೋಪ್ ಆದ ಫಿಲ್ಮ್ ಕೋಣೆಯಲ್ಲಿ ಉಳಿದ ನೀರಿನ ಅಣುಗಳೊಂದಿಗೂ ವರ್ತಿಸುತ್ತದೆ, ರಾತ್ರಿ ಬಿಟ್ಟು ಬೆಳಗ್ಗೆ ನೋಡಿದರೆ ಅಂತರದೊಳಗಿನ ಶಿಖರ ಕುಗ್ಗಿರುತ್ತದೆ. ಆದ್ದರಿಂದ ಪ್ರತಿ ಚೂರಿನ ನಂತರ ಮೊದಲು ಆ ಶಿಖರವಿರುವ ಭಾಗವನ್ನು ಅಳೆದು, ಒಳ ಮಟ್ಟಗಳನ್ನು ಆಮೇಲೆ ಅಳೆಯುತ್ತೇನೆ.