ಫೈಬ್ರೊಮಯಾಲ್ಜಿಯಾ ಇರುವವರಿಗೆ ಹಗುರ ಕೈಯ ಆರೈಕೆ ಮಾಡುವ ಬಗೆ

ಮೈಕೈ ನೋವೆಂದರೆ ಗಟ್ಟಿಯಾಗಿ ತಿಕ್ಕಬೇಕು, ಅದಕ್ಕೂ ಬಗ್ಗದಿದ್ದರೆ ಮಕ್ಕಳಿಂದ ಬೆನ್ನು ತುಳಿಸಿಕೊಳ್ಳಬೇಕು ಎಂಬುದು ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಅನೇಕ ಮನೆಗಳಲ್ಲಿ ನಡೆದುಬಂದ ರೂಢಿ. ಹೊಲದಲ್ಲಿ ದುಡಿದು ದಣಿದ ಮೈಗೆ ಅದು ಹಿತವೆನಿಸಬಹುದು, ಆದರೆ ಮೈತುಂಬ ನೋವು ತಿಂಗಳುಗಟ್ಟಲೆ ಕಾಡುವ ಫೈಬ್ರೊಮಯಾಲ್ಜಿಯಾ ಇರುವವರನ್ನು ಅದೇ ಉಪಚಾರ ಹಾಸಿಗೆ ಹಿಡಿಸಬಲ್ಲದು. ಈ ಕಾಯಿಲೆಯಲ್ಲಿ ಮಿದುಳು ಮತ್ತು ಬೆನ್ನುಹುರಿ ನೋವಿನ ಸಂಕೇತಗಳನ್ನು ಹಿಗ್ಗಿಸಿ ಗ್ರಹಿಸುವುದರಿಂದ, ಬೇರೆಯವರಿಗೆ ಬರೀ ಒತ್ತಡವೆನಿಸುವುದು ಇವರಿಗೆ ನಿಜವಾದ ನೋವೇ ಆಗಿರುತ್ತದೆ. ರಕ್ತಪರೀಕ್ಷೆಯಲ್ಲೂ ಎಕ್ಸ್‌ರೇಯಲ್ಲೂ ಅದು ಕಾಣುವುದಿಲ್ಲವಾದ್ದರಿಂದ ‘ನಿನಗೇನೂ ಆಗಿಲ್ಲ’ ಎಂಬ ಮಾತನ್ನು ಇವರು, ಅದರಲ್ಲೂ ಹೆಣ್ಣುಮಕ್ಕಳು, ಕೇಳಿ ಕೇಳಿ ಸೋತಿರುತ್ತಾರೆ. ಆರೈಕೆಗೆ ಕೂರುವವರು ಮೊದಲು ಆ ಮಾತನ್ನು ಬಿಡಬೇಕು.

ಮೈತುಂಬ ನೋವು ಮೂರು ತಿಂಗಳಿಗೂ ಮೀರಿ ಉಳಿದಿದ್ದರೆ, ಥೈರಾಯ್ಡ್ ತೊಂದರೆ, ಸಂಧಿವಾತ, ವಿಟಮಿನ್ ಡಿ ಕೊರತೆಗಳು ಇವೆಯೇ ಎಂಬುದನ್ನು ವೈದ್ಯರಿಂದ ಖಚಿತಪಡಿಸಿಕೊಂಡ ಮೇಲೆಯೇ ಮನೆಯ ಉಪಚಾರ ಆರಂಭಿಸಿ. ಜ್ವರ, ಚರ್ಮದ ಮೇಲೆ ಗಾಯ, ಒಂದೇ ಕಾಲಿನಲ್ಲಿ ಬಾವು ಇದ್ದರೆ, ಅಥವಾ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ, ವೈದ್ಯರನ್ನು ಕೇಳದೆ ಮೈಗೆ ಕೈ ಹಾಕಬಾರದು.

ಗಾಳಿ ನುಗ್ಗದ ಕೋಣೆಯಲ್ಲಿ ಎರಡು ಕೌದಿಗಳನ್ನು ಮಡಚಿ ಹಾಸಿ, ನೋವಿರುವವರಿಗೆ ಯಾವ ಮಗ್ಗುಲು ಹಿತವೋ ಆ ಮಗ್ಗುಲಿಗೆ ಮಲಗಿಸಿ, ಮೊಣಕಾಲುಗಳ ನಡುವೆ ಒಂದು ತಲೆದಿಂಬು ಇಡಿ. ಕುಸುಬಿ ಎಣ್ಣೆಯಾಗಲಿ ಕೊಬ್ಬರಿ ಎಣ್ಣೆಯಾಗಲಿ ನಡೆಯುತ್ತದೆ. ಎಣ್ಣೆಯ ಕೆಲಸ ಕೈ ಜಾರುವಂತೆ ಮಾಡುವುದಷ್ಟೆ. ಕರ್ಪೂರ ಬೆರೆತ ಉರಿಯುವ ಎಣ್ಣೆಗಳು ಬೇಡ. ಬೆಚ್ಚಗೆ ಮಾಡಿದ ಎಣ್ಣೆಯ ಹನಿಯೊಂದನ್ನು ನಿಮ್ಮ ಮಣಿಕಟ್ಟಿನ ಮೇಲೆ ಬಿಟ್ಟು ನೋಡಿಕೊಳ್ಳಿ. ಅಂಗೈಗಳನ್ನು ಅವರ ಭುಜದ ಮೇಲಿಟ್ಟು, ಒತ್ತದೆ, ಅಲುಗಿಸದೆ, ಅವರ ಉಸಿರು ನಿಧಾನವಾಗುವವರೆಗೆ ಕಾಯಿರಿ. ಅನಂತರ ಪೂರ್ತಿ ಅಂಗೈಯಿಂದ, ಹೆಬ್ಬೆರಳು ಊರದೆ, ಕುತ್ತಿಗೆಯ ಬುಡದಿಂದ ತೋಳಿನವರೆಗೆ ನಿಧಾನವಾಗಿ ಸವರಿ. ಗಂಟು ಸಿಕ್ಕಿತೆಂದು ಅದನ್ನು ಒತ್ತಿ ಕರಗಿಸಲು ಹೋಗಬೇಡಿ. ಅದರ ಮೇಲೆ ಅಂಗೈಯನ್ನು ಒಂದೆರಡು ನಿಮಿಷ ಸುಮ್ಮನೆ ಇಟ್ಟುಕೊಳ್ಳುವುದೇ ಸಾಕು. ಚರ್ಮ ಸವರಿದರೂ ನೋಯುವವರಿಗೆ ಮೆತ್ತನೆಯ ಬಟ್ಟೆಯ ಮೇಲಿನಿಂದಲೇ ಮಾಡಿ, ಬೆನ್ನು ತಾಳದ ದಿನ ಪಾದಗಳಿಗಷ್ಟೇ ಎಣ್ಣೆ ಹಚ್ಚಿ.

ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಒತ್ತಡದಿಂದ ಹುಟ್ಟುವ ನೋವು ಮೂರನ್ನು ದಾಟಬಾರದು. ಆದರೆ ಸೊಸೆ ಕೇಳಿದಾಗ ಅತ್ತೆ ‘ಇರ್ಲಿ ಬಿಡವಾ, ತಡಕೋತೀನಿ’ ಎನ್ನುವುದೇ ಹೆಚ್ಚು. ಆ ಸಂಕೋಚವೇ ಇಲ್ಲಿ ದೊಡ್ಡ ಅಡ್ಡಿ. ಆದ್ದರಿಂದ ‘ಸಾಕು’ ಎಂದ ಕೂಡಲೇ ಕೈ ತೆಗೆಯುವುದೆಂದೂ, ಅದಕ್ಕೆ ಯಾರೂ ಬೇಸರಪಡುವುದಿಲ್ಲವೆಂದೂ ಮೊದಲೇ ಮಾತಾಡಿಕೊಳ್ಳಿ. ಮೊದಲ ಸಲ ಹತ್ತು ನಿಮಿಷ ಸಾಕು. ಮರುದಿನ ನೋವು ಹೆಚ್ಚಿದ್ದರೆ ಮುಂದಿನ ಸಲ ಸಮಯವನ್ನೂ ಒತ್ತಡವನ್ನೂ ಅರ್ಧಕ್ಕೆ ಇಳಿಸಿ. ಒಂದೆರಡು ಸಲಕ್ಕೆ ಗುಣ ಕಾಣದು. ಐದಾರು ವಾರ ಬಿಡದೆ ಮಾಡಿ ನೋಡಬೇಕು.

ಹೊರಗೆ ಹೋಗುವುದಾದರೆ ಫಿಸಿಯೋಥೆರಪಿ ಕಲಿತವರ ಬಳಿಗೇ ಹೋಗಿ. ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಯಲ್ಲಿಯೂ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಯಲ್ಲಿಯೂ ಈ ಸೌಲಭ್ಯವಿದೆ. ಪಂಚಕರ್ಮ ಕೇಂದ್ರದಲ್ಲಿ ಅಭ್ಯಂಗಕ್ಕೆ ಮಲಗುವ ಮೊದಲೇ ಕಾಯಿಲೆಯ ಹೆಸರು ಹೇಳಿ, ಹಗುರವಾಗಿ ಮಾಡಲು ಕೇಳಿಕೊಳ್ಳಿ. ಕ್ಷೌರದಂಗಡಿಯಲ್ಲಿ ಕುತ್ತಿಗೆ ತಿರುಗಿಸಿ ಲಟಿಕೆ ತೆಗೆಸುವುದು ಯಾರಿಗೂ ಸುರಕ್ಷಿತವಲ್ಲ.

ಕೈಯ ಆರೈಕೆ ನೋವನ್ನು ಸ್ವಲ್ಪ ಸಡಿಲಿಸಿ ನಿದ್ದೆಗೆ ದಾರಿ ಮಾಡಬಹುದು, ಕಾಯಿಲೆಯನ್ನು ನೀಗಿಸಲಾರದು. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟವು 2016ರಲ್ಲಿ ಪರಿಷ್ಕರಿಸಿದ ಶಿಫಾರಸುಗಳಲ್ಲಿ ಬಲವಾದ ಬೆಂಬಲ ದೊರೆತದ್ದು ವ್ಯಾಯಾಮಕ್ಕೆ ಮಾತ್ರ. ಆದ್ದರಿಂದ ಮೈ ಸಡಿಲಾದ ಮರುದಿನ ಉಣಕಲ್ ಕೆರೆಯ ದಂಡೆಯಲ್ಲೋ ಮನೆಯಂಗಳದಲ್ಲೋ ಐದು ನಿಮಿಷ ನಡೆಸಿ, ವಾರಕ್ಕೆ ಒಂದೆರಡು ನಿಮಿಷದಂತೆ ಹೆಚ್ಚಿಸುತ್ತ ಹೋಗಿ. ನೋವು ಕಡಿಮೆಯಿರುವ ದಿನ ಉತ್ಸಾಹಕ್ಕೆ ದುಪ್ಪಟ್ಟು ನಡೆಯುವುದೂ ಬೇಡ, ಹೆಚ್ಚಿರುವ ದಿನ ಪೂರ್ತಿ ಬಿಡುವುದೂ ಬೇಡ.