ಸ್ನಾಯುವಿಗೆ ಆಜ್ಞೆ ಮುಟ್ಟಿತಾ? ಇಎಂಜಿ ಜೊತೆ ನನ್ನ ಅನುಭವ

ಮೊಣಕಾಲಿನ ಆಪರೇಷನ್ ಆದಮೇಲೆ ತೊಡೆ ಯಾಕೆ ಸೊರಗುತ್ತದೆ ಅಂತ ಯಾರನ್ನಾದರೂ ಕೇಳಿ, "ಕಾಲು ಆಡಿಸಿಲ್ಲ, ಅದಕ್ಕೆ" ಅನ್ನುತ್ತಾರೆ. ಅದು ಅರ್ಧ ನಿಜ. ಇನ್ನರ್ಧ ಏನಂದರೆ, ಆಡಿಸಲು ಹೊರಟರೂ ಆ ಸ್ನಾಯುವಿಗೆ ಆಜ್ಞೆ ಪೂರ್ತಿಯಾಗಿ ಹೋಗಿ ಮುಟ್ಟುವುದಿಲ್ಲ. ಸ್ನಾಯು ಚೆನ್ನಾಗಿರುತ್ತದೆ, ನರವೂ ಚೆನ್ನಾಗಿರುತ್ತದೆ, ಆದರೂ ಕೆಲಸ ಆಗುವುದಿಲ್ಲ. ಇದನ್ನು ರೋಗಿಗೆ ಬಾಯಲ್ಲಿ ಹೇಳಿ ನಂಬಿಸುವುದು ಕಷ್ಟ. ಕಣ್ಣಿಗೆ ಕಾಣುವ ಹಾಗೆ ತೋರಿಸಬೇಕು ಅಂತಲೇ ನಾನು ಇಎಂಜಿ, ಅಂದರೆ ಸ್ನಾಯುವಿನ ವಿದ್ಯುತ್ತನ್ನು ಅಳೆಯುವ ಪರೀಕ್ಷೆ, ಹಿಡಿದಿದ್ದು.

ನಾನು ಫಿಸಿಯೋಥೆರಪಿಸ್ಟ್. ಮಂಡ್ಯ ಕಡೆಯ ಕಬಡ್ಡಿ ಹುಡುಗರು ನನ್ನ ಹತ್ತಿರ ಜಾಸ್ತಿ ಬರುತ್ತಾರೆ, ಅದರಲ್ಲೂ ಎಸಿಎಲ್, ಅಂದರೆ ಮೊಣಕಾಲಿನೊಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್, ಹರಿದುಕೊಂಡು ಆಪರೇಷನ್ ಮಾಡಿಸಿಕೊಂಡವರು. ರೈಡ್ ಹೋದವನು ಗೆರೆ ಕಡೆಗೆ ಸರಕ್ಕನೆ ತಿರುಗುತ್ತಾನೆ, ಪಾದ ಮ್ಯಾಟ್‌ಗೆ ಕಚ್ಚಿಕೊಂಡು ನಿಲ್ಲುತ್ತದೆ, ಮೈಯೆಲ್ಲ ತಿರುಗಿ ಮೊಣಕಾಲು ಒಳಕ್ಕೆ ಕುಸಿಯುತ್ತದೆ. "ಟಕ್ ಅಂತು ಮೇಡಂ" ಅಂತಲೇ ಹೆಚ್ಚಿನವರು ಕಥೆ ಶುರು ಮಾಡುವುದು.

ಮೊದಲು ಒಂದು ಗೊಂದಲ ಬಗೆಹರಿಸಿಬಿಡುತ್ತೇನೆ. ನರರೋಗದ ಡಾಕ್ಟರು ಸೂಜಿ ಚುಚ್ಚಿ ಮಾಡುವ ಇಎಂಜಿ ಬೇರೆ. ಅದು ನರಕ್ಕೆ ಅಥವಾ ಸ್ನಾಯುವಿಗೇ ಕಾಯಿಲೆ ಇದೆಯಾ ಅಂತ ನೋಡಲು. ನಾನು ಮಾಡುವುದು ಚರ್ಮದ ಮೇಲೆ ಸ್ಟಿಕರ್ ಅಂಟಿಸಿ, ಒಳಗೆ ಸ್ನಾಯು ಬಿಗಿಯುವಾಗ ಹುಟ್ಟುವ ವಿದ್ಯುತ್ತನ್ನು ಅಳೆಯುವುದು. ನೋವಿಲ್ಲ, ಕರೆಂಟ್ ಹೊಡೆಯುವುದಿಲ್ಲ. ಯಂತ್ರ ಏನನ್ನೂ ಒಳಗೆ ಕಳಿಸುವುದಿಲ್ಲ, ಸುಮ್ನೆ ಕೇಳಿಸಿಕೊಳ್ಳುತ್ತದೆ ಅಷ್ಟೆ. ಆ ಸಿಗ್ನಲ್ ಎಷ್ಟು ಸಣ್ಣದು ಅಂದರೆ, ಕೆಲವು ಮೈಕ್ರೋವೋಲ್ಟ್‌ನಿಂದ ಹಿಡಿದು ಒಂದೆರಡು ಮಿಲಿವೋಲ್ಟ್ ತನಕ. ಪೆನ್ ಟಾರ್ಚ್ ಸೆಲ್ ಒಂದೂವರೆ ವೋಲ್ಟ್ ಅನ್ನುವುದನ್ನು ನೆನಪಿಟ್ಟುಕೊಂಡರೆ ಇದು ಎಷ್ಟು ಕ್ಷೀಣ ಅಂತ ಗೊತ್ತಾಗುತ್ತದೆ.

ಹೀಗಾಗಿ ಈ ಕೆಲಸದ ಮುಕ್ಕಾಲು ಪಾಲು ಚರ್ಮದ ಮೇಲೇ ಮುಗಿಯುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಬರ್ಲಿನ್‌ನ ಎಮಿಲ್ ಡು ಬುವಾ ರೇಮಂಡ್ ಮನುಷ್ಯ ಬೇಕೆಂದೇ ಸ್ನಾಯು ಬಿಗಿದಾಗ ಬರುವ ವಿದ್ಯುತ್ತನ್ನು ಮೊದಲ ಸಲ ಹಿಡಿದ. 1849ರ ಮಾತು. ಚರ್ಮ ಅಡ್ಡ ಬರುತ್ತಿದೆ ಅಂತ ಗೊತ್ತಾದಾಗ ಆತ ತೋಳಿನ ಮೇಲೆ ಬೊಬ್ಬೆ ಎಬ್ಬಿಸಿ, ಮೇಲಿನ ಚರ್ಮ ಕಿತ್ತು ಅಳೆದನಂತೆ! ಸಿಗ್ನಲ್ ಎಷ್ಟೋ ಪಟ್ಟು ದೊಡ್ಡದಾಗಿ ಬಂತು. ನಾವು ಅಷ್ಟು ಕ್ರೂರಿಗಳಲ್ಲ, ರೇಜರ್ ಮತ್ತು ಸ್ಪಿರಿಟ್ ಸಾಕು. ಆದರೆ ತೊಡೆಯ ಕೂದಲು ಬೋಳಿಸುತ್ತೇನೆ ಅಂದಾಗ ಹುಡುಗರು ನಾಚುವುದು ನೋಡಬೇಕು. ಮ್ಯಾಟ್ ಮೇಲೆ ಆರು ಜನ ಮೇಲೆ ಬಿದ್ದರೂ ಹೆದರದವನು ಇಲ್ಲಿ "ಬೇಡ ಮೇಡಂ, ಹಾಗೇ ಅಂಟ್ಸಿ" ಅನ್ನುತ್ತಾನೆ. ಹಾಗೇ ಅಂಟಿಸಿದರೆ ಐದು ನಿಮಿಷಕ್ಕೆ ಬೆವರಿಗೆ ಸ್ಟಿಕರ್ ಎದ್ದು ಬರುತ್ತದೆ.

ನಾನು ಮಾಡುವ ಕ್ರಮ ಹೀಗೆ. ಮಲಗಿಸಿ, ಸೊಂಟದ ಮುಂದೆ ಕೈಗೆ ಸಿಗುವ ಮೂಳೆಯ ತುದಿಯಿಂದ ಮೊಣಕಾಲಿನ ಒಳಬದಿಯ ಸಂದಿನವರೆಗೆ ಟೇಪ್ ಹಿಡಿದು ಗೆರೆ ಎಳೆಯುತ್ತೇನೆ. ಆ ಗೆರೆಯಲ್ಲಿ ಮೇಲಿನಿಂದ ಶೇ 80ರಷ್ಟು ಕೆಳಗೆ ಬಂದರೆ ವಾಸ್ಟಸ್ ಮೀಡಿಯಾಲಿಸ್, ಅಂದರೆ ಮೊಣಕಾಲಿನ ಒಳಬದಿ ಮೇಲೆ ಹನಿಯಂತೆ ಉಬ್ಬುವ ಸ್ನಾಯು. ಯುರೋಪಿನ ಸೆನಿಯಾಮ್ ತಂಡ ಮಾಡಿಟ್ಟ ಅಳತೆ ಇದು, ಜಗತ್ತಿನಲ್ಲಿ ಹೆಚ್ಚಿನವರು ಪಾಲಿಸುವುದೂ ಇದನ್ನೇ. ಎರಡು ಸ್ಟಿಕರ್‌ಗಳ ನಡುವಿಂದ ನಡುವಿಗೆ 20 ಮಿಲಿಮೀಟರ್, ಸ್ನಾಯುವಿನ ಎಳೆ ಹೋಗುವ ದಿಕ್ಕಿನಲ್ಲೇ. ದೊಡ್ಡವರ ಇಸಿಜಿ ಸ್ಟಿಕರ್ ಅಗಲ ಜಾಸ್ತಿ, ಈ ಅಂತರದಲ್ಲಿ ಕೂರುವುದಿಲ್ಲ, ಅದಕ್ಕೆ ಮಕ್ಕಳ ಇಸಿಜಿ ಸ್ಟಿಕರ್ ತಂದು ಅಂಚು ಕತ್ತರಿಸಿ ಹಾಕುತ್ತೇನೆ. ಇನ್ನೊಂದು ಸ್ಟಿಕರ್ ಪಾದದ ಗಂಟಿನ ಮೂಳೆ ಮೇಲೆ, ಹೋಲಿಕೆಗೆ. ಸ್ಥಳದ ಸುತ್ತ ಮಾರ್ಕರ್ ಪೆನ್ನಿನಿಂದ ಗುರುತು ಹಾಕಿ, "ಮುಂದಿನ ಸಲದ ತನಕ ಉಜ್ಜಬೇಡಪ್ಪ" ಅಂತ ಹೇಳಿ ಕಳಿಸುತ್ತೇನೆ. ಜಾಗ ಒಂದು ಬೆರಳಷ್ಟು ಸರಿದರೂ ಸಂಖ್ಯೆ ಬದಲಾಗುತ್ತದೆ, ಆಮೇಲೆ ಹುಡುಗ ಸುಧಾರಿಸಿದನೋ ಸ್ಟಿಕರ್ ಸರಿಯಿತೋ ಅಂತ ಹೇಳಲು ಆಗುವುದಿಲ್ಲ.

ಆಮೇಲೆ ಏನೂ ಮಾಡಿಸದೆ ಸುಮ್ನೆ ಮಲಗಿಸಿ ಪರದೆಯ ಮೇಲೆ ಸಿಗ್ನಲ್‌ನ ಗೆರೆ ನೋಡುತ್ತೇನೆ. ಚಪ್ಪಟೆ ಬರಬೇಕು. ಬರದೆ ಹುಲ್ಲು ಕತ್ತರಿಸಿದ ಹಾಗೆ ಒಂದೇ ಎತ್ತರದ ನಡುಕ ಬಂದರೆ ಅದು ಗೋಡೆಯ ಕರೆಂಟು, ನಮ್ಮ ದೇಶದ 50 ಹರ್ಟ್ಸ್, ಅಂದರೆ ಸೆಕೆಂಡಿಗೆ ಐವತ್ತು ಸಲ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿದರೆ ಅರ್ಧ ಹೋಗುತ್ತದೆ. ಉಳಿದದ್ದಕ್ಕೆ ಪಕ್ಕದಲ್ಲಿರುವ ಯುಪಿಎಸ್, ಟ್ರೀಟ್‌ಮೆಂಟ್ ಯಂತ್ರ, ಎಕ್ಸ್‌ಟೆನ್ಶನ್ ಬೋರ್ಡ್ ಒಂದೊಂದಾಗಿ ಆಫ್ ಮಾಡಿ ನೋಡಬೇಕು. ಸಾಫ್ಟ್‌ವೇರ್‌ನಲ್ಲಿ 50 ಹರ್ಟ್ಸ್ ಅಳಿಸುವ ಬಟನ್ ಇದೆ, ಆದರೆ ಸ್ನಾಯುವಿನ ಸಿಗ್ನಲ್‌ನಲ್ಲೂ ಆ ಭಾಗದಲ್ಲಿ ಒಳ್ಳೆ ತಿರುಳು ಇರುತ್ತದೆ, ಅದನ್ನೂ ಸೇರಿಸಿ ಅಳಿಸಿದ ಹಾಗಾಗುತ್ತದೆ. ನಾನು ಆ ಬಟನ್ ಮುಟ್ಟುವುದು ಕಡಿಮೆ.

ಈಗ ವಿಷಯಕ್ಕೆ ಬರೋಣ. ಮಂಡಿ ಕೆಳಗೆ ಟವೆಲ್ ಸುತ್ತಿಟ್ಟು, "ಟವೆಲ್ ಒತ್ತು" ಅನ್ನುತ್ತೇನೆ. ಎಲ್ಲ ಫಿಸಿಯೋಗಳೂ ಮೊದಲ ದಿನ ಹೇಳಿಕೊಡುವ ವ್ಯಾಯಾಮ. ಒಳ್ಳೆ ಕಾಲಿನಲ್ಲಿ ಹೇಳಿದ ಕೂಡಲೇ ಪರದೆಯ ಮೇಲೆ ಗೆರೆ ದಪ್ಪಗೆ ಎದ್ದು, ಬಿಡು ಅನ್ನುವ ತನಕ ಹಾಗೇ ನಿಲ್ಲುತ್ತದೆ. ಆಪರೇಷನ್ ಆದ ಕಾಲಿನಲ್ಲಿ ತೆಳ್ಳಗೆ ಒಂದು ನಡುಕ, ಅದೂ ತಡವಾಗಿ, ಎರಡು ಸೆಕೆಂಡಿಗೆ ಇಳಿದು ಹೋಗುತ್ತದೆ. ಹುಡುಗ ಹಲ್ಲು ಕಚ್ಚಿ ಒತ್ತುತ್ತಿರುತ್ತಾನೆ, ಹಣೆ ಬೆವರುತ್ತದೆ, ಟವೆಲ್ಲೂ ಒತ್ತಿ ಹೋಗುತ್ತದೆ. ಹೊರಗಿಂದ ನೋಡಿದರೆ ಚೆನ್ನಾಗಿ ಮಾಡುತ್ತಿದ್ದಾನೆ ಅನ್ನಿಸುತ್ತದೆ. ತೊಡೆಯ ಹಿಂಬದಿಗೂ ಸ್ಟಿಕರ್ ಹಾಕಿರುತ್ತೇನೆ, ಆ ಹಿಂದೊಡೆಯ ಚಾನೆಲ್ ನೋಡಿದಾಗ ಗುಟ್ಟು ರಟ್ಟಾಗುತ್ತದೆ: ಒತ್ತುತ್ತಿರುವುದು ಹಿಂದೊಡೆಯ ಹ್ಯಾಮ್‌ಸ್ಟ್ರಿಂಗ್ ಮತ್ತು ಪೃಷ್ಠದ ಸ್ನಾಯು. ಮುಂದೊಡೆ ಆರಾಮಾಗಿ ಮಲಗಿದೆ. ಮನೆಯಲ್ಲಿ ವಾರಗಟ್ಟಲೆ ಶ್ರದ್ಧೆಯಿಂದ ಬೇರೆ ಸ್ನಾಯುವಿಗೆ ವ್ಯಾಯಾಮ ಮಾಡಿಸಿ ಬಂದವರನ್ನು ನಾನು ನೋಡಿದ್ದೇನೆ.

ಕಾರಣ ಮೊಣಕಾಲಿನೊಳಗೆ ತುಂಬಿದ ನೀರು. ಕೀಲು ಊದಿಕೊಂಡಾಗ ಅಲ್ಲಿಂದ ಬೆನ್ನುಹುರಿಗೆ ಹೋಗುವ ಸುದ್ದಿ ಬದಲಾಗುತ್ತದೆ, ಬೆನ್ನುಹುರಿ ತೊಡೆಯ ಸ್ನಾಯುವಿಗೆ ಹೋಗುವ ಆಜ್ಞೆಯನ್ನು ತಗ್ಗಿಸುತ್ತದೆ. ನೋವು ಇರಲೇಬೇಕು ಅಂತಿಲ್ಲ. 1984ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಯಾವ ತೊಂದರೆಯೂ ಇಲ್ಲದ ಮೊಣಕಾಲಿಗೆ ಉಪ್ಪುನೀರು ತುಂಬಿ ನೋಡಿದರು. 20ರಿಂದ 30 ಮಿಲಿಲೀಟರ್ ಹೋಗುವಷ್ಟರಲ್ಲಿ ವಾಸ್ಟಸ್ ಮೀಡಿಯಾಲಿಸ್ ತಗ್ಗಿತು, ಉಳಿದ ತೊಡೆ ಸ್ನಾಯುಗಳು ತಗ್ಗಲು ಅದರ ಎರಡರಷ್ಟು ಬೇಕಾಯಿತು. ಬರೀ ಎರಡು ದೊಡ್ಡ ಚಮಚ ನೀರು! ಹಾಗಾಗಿ ಊತ ಇಳಿಯುವ ಮೊದಲೇ ತೂಕ ಎತ್ತಿಸುವುದರಲ್ಲಿ ನನಗೆ ನಂಬಿಕೆ ಇಲ್ಲ.

ನಾನು ಮಾಡಿಸುವುದು ಇಷ್ಟು. ಮೊದಲು ಮೊಣಕಾಲಿಗೆ ಇಪ್ಪತ್ತು ನಿಮಿಷ ಐಸ್. ಐಸ್ ತೆಗೆದ ಕೂಡಲೇ ಸ್ವಲ್ಪ ಹೊತ್ತು ಆಜ್ಞೆ ಚೆನ್ನಾಗಿ ಹೋಗುತ್ತದೆ, ಆ ಹೊತ್ತಿನಲ್ಲೇ ವ್ಯಾಯಾಮ. ಪರದೆಯನ್ನು ಹುಡುಗನ ಕಡೆ ತಿರುಗಿಸುತ್ತೇನೆ. ಅವನ ಸದ್ಯದ ಎತ್ತರಕ್ಕಿಂತ ಸ್ವಲ್ಪ ಮೇಲೆ ಒಂದು ಗೆರೆ ಹಾಕಿ, ಹಿಂದೊಡೆಯ ಸಿಗ್ನಲ್ ಏಳಬಾರದು, ಮುಂದೊಡೆಯದು ಮಾತ್ರ ಈ ಗೆರೆ ದಾಟಬೇಕು ಅನ್ನುತ್ತೇನೆ. ಮೊದಲು ಒಳ್ಳೆ ಕಾಲಿನಲ್ಲಿ ಮಾಡಿಸಿ ಆ ಹಿಡಿತ ಹೇಗಿರುತ್ತದೆ ಅಂತ ಗಮನಿಸಲು ಹೇಳುತ್ತೇನೆ, ಆಮೇಲೆ ಈ ಕಾಲು. ಗೆರೆ ಮೇಲಕ್ಕೆ ಹೋಗದಿದ್ದರೆ ಕರೆಂಟ್ ಸ್ಟಿಮ್ಯುಲೇಷನ್ ಕೊಟ್ಟು ಜೊತೆಗೇ ಬಿಗಿಯಲು ಹೇಳುತ್ತೇನೆ. ಸ್ಟಿಮ್ಯುಲೇಷನ್ ನಡೆಯುವಾಗ ಮಾತ್ರ ಇಎಂಜಿ ಅಳೆಯಲು ಹೋಗಬೇಡಿ, ಬರುವುದೆಲ್ಲ ಆ ಯಂತ್ರದ್ದೇ.

ಇನ್ನು ಸಂಖ್ಯೆಗಳ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಯಾಕಂದರೆ ಪಾಠದಲ್ಲಿ ಹೇಳಿದ್ದನ್ನು ಹಾಗೇ ಮಾಡಿದರೆ ಇಲ್ಲಿ ಎಡವುತ್ತೇವೆ. ಮೈಕ್ರೋವೋಲ್ಟ್ ಲೆಕ್ಕವನ್ನು ಇಬ್ಬರ ನಡುವೆ ನೇರ ಹೋಲಿಸುವಂತಿಲ್ಲ. ಚರ್ಮದ ಕೆಳಗಿನ ಕೊಬ್ಬು ಜಾಸ್ತಿ ಇದ್ದರೆ ಸಿಗ್ನಲ್ ತಗ್ಗುತ್ತದೆ, ಅದು ಸ್ನಾಯುವಿನ ತಪ್ಪಲ್ಲ. ಅದಕ್ಕೆ ಮೊದಲು ಕೈಲಾದಷ್ಟು ಜೋರಾಗಿ ಬಿಗಿಸಿ, ಅದನ್ನು ನೂರು ಅಂತ ಇಟ್ಟುಕೊಂಡು ಉಳಿದದ್ದನ್ನು ಶೇಕಡಾದಲ್ಲಿ ಹೇಳುವುದು ರೂಢಿ. ಆರೋಗ್ಯವಂತರಲ್ಲಿ ಸರಿ. ಆದರೆ ಆಪರೇಷನ್ ಆದ ಕಾಲಿನ "ಕೈಲಾದಷ್ಟು" ಅನ್ನುವುದೇ ತಗ್ಗಿದ ಸಂಖ್ಯೆ ಅಲ್ವಾ? ಆ ತಗ್ಗಿದ್ದನ್ನೇ ನೂರು ಅಂತ ಇಟ್ಟರೆ ಮೆಟ್ಟಿಲು ಹತ್ತುವಾಗ ಎರಡೂ ಕಾಲು ಒಂದೇ ಥರ ಕಾಣಬಹುದು, ಕೆಲವೊಮ್ಮೆ ಕೆಟ್ಟ ಕಾಲೇ ಜಾಸ್ತಿ ಕೆಲಸ ಮಾಡುತ್ತಿದೆ ಅಂತಲೂ ಬರುತ್ತದೆ. ಕೊರತೆ ಇದ್ದದ್ದು ಲೆಕ್ಕದಲ್ಲೇ ಮಾಯ. ಹಾಗಾಗಿ ಶಕ್ತಿಯನ್ನು ನಾನು ಇಎಂಜಿಯಿಂದ ಅಳೆಯುವುದೇ ಇಲ್ಲ. ಅದಕ್ಕೆ ಕೈಯಲ್ಲಿ ಹಿಡಿದು ಬಲ ಅಳೆಯುವ ಡೈನಮೋಮೀಟರ್ ಇದೆ, ಬೆಲ್ಟ್ ಕಟ್ಟಿ ಎರಡೂ ಕಾಲಿನ ಬಲ ಕಿಲೋದಲ್ಲೇ ಬರೆದುಕೊಳ್ಳುತ್ತೇನೆ. ಸಿಗ್ನಲ್ ದೊಡ್ಡದಾದರೆ ಬಲ ಅಷ್ಟೇ ಪಾಲಿನಲ್ಲಿ ದೊಡ್ಡದು ಅಂತ ಏನಿಲ್ಲ. ಸುಸ್ತಾದ ಸ್ನಾಯುವಿನಲ್ಲಿ ಬಲ ಇಳಿಯುತ್ತಿದ್ದರೂ ಸಿಗ್ನಲ್ ಏರುವುದುಂಟು.

ಇಎಂಜಿಗೆ ನಾನು ಕೇಳುವ ಪ್ರಶ್ನೆ ಎರಡೇ: ಆಜ್ಞೆ ಮುಟ್ಟಿತಾ, ಯಾವಾಗ ಮುಟ್ಟಿತು.

ಎರಡನೆಯದು ಆಟಕ್ಕೆ ಮರಳುವ ಹೊತ್ತಿಗೆ ಬಹಳ ಮುಖ್ಯ. ಎಸಿಎಲ್ ಹರಿದ ಆಟಗಾರ್ತಿಯರ ಪಂದ್ಯದ ವೀಡಿಯೋಗಳನ್ನು ಅಳೆದು ನೋಡಿದ ಸಂಶೋಧಕರು 2010ರಲ್ಲಿ ಹೇಳಿದ್ದು, ಪಾದ ನೆಲಕ್ಕೆ ತಾಗಿದ ಸುಮಾರು 40 ಮಿಲಿಸೆಕೆಂಡಿನಲ್ಲಿ ಲಿಗಮೆಂಟ್ ಹರಿದಿರುತ್ತದೆ ಅಂತ. ಆಜ್ಞೆ ಬಂದಮೇಲೂ ಸ್ನಾಯು ಬಲ ಕೊಡಲು ಹತ್ತಾರು ಮಿಲಿಸೆಕೆಂಡು ಬೇಕು. ಅಂದರೆ ಕಾಲಿಟ್ಟ ಮೇಲೆ ಸಾವರಿಸಿಕೊಳ್ಳುತ್ತೇನೆ ಅನ್ನುವುದಕ್ಕೆ ಸಮಯವೇ ಇಲ್ಲ. ಹಿಂದೊಡೆ ಪಾದ ತಾಗುವ ಮೊದಲೇ ಎಚ್ಚರವಾಗಿರಬೇಕು. ಡೆನ್ಮಾರ್ಕ್‌ನವರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 55 ಆಟಗಾರ್ತಿಯರನ್ನು ಇಎಂಜಿ ಹಾಕಿ ನೋಡಿದ್ದರು. ಆಮೇಲೆ ಎಸಿಎಲ್ ಹರಿದುಕೊಂಡ ಐವರಲ್ಲಿ, ಪಕ್ಕಕ್ಕೆ ಕಟ್ ಮಾಡುವ, ಅಂದರೆ ಸರಕ್ಕನೆ ದಿಕ್ಕು ಬದಲಿಸುವ ಮುನ್ನ ಹಿಂದೊಡೆಯ ಒಳಬದಿಯ ಸೆಮಿಟೆಂಡಿನೋಸಸ್ ಮಂದವಾಗಿತ್ತು, ಹೊರತೊಡೆಯ ವಾಸ್ಟಸ್ ಲ್ಯಾಟರಾಲಿಸ್ ಜೋರಾಗಿತ್ತು. ಐದು ಜನ ಅಂದರೆ ತೀರಾ ಕಡಿಮೆ, ಅದನ್ನೇ ನಂಬಿ ಭವಿಷ್ಯ ಹೇಳಲು ಆಗುವುದಿಲ್ಲ, ಆದರೆ ಎಲ್ಲಿ ನೋಡಬೇಕು ಅಂತ ಅದು ನನಗೆ ಕಲಿಸಿತು.

ನಾನು ಹೀಗೆ ನೋಡುತ್ತೇನೆ. ಶೂ ಒಳಗೆ ತೆಳು ಒತ್ತಡದ ಸ್ವಿಚ್ ಇಟ್ಟು, ಪಾದ ತಾಗಿದ ಕ್ಷಣ ಅದೇ ಗ್ರಾಫಿನಲ್ಲಿ ಗೆರೆ ಬೀಳುವ ಹಾಗೆ ಮಾಡಿಕೊಂಡಿದ್ದೇನೆ. ಹುಡುಗ ಬೋನಸ್ ಮುಟ್ಟಿ ತಿರುಗುವ ಹಾಗೆ ಒಂದು ಹೆಜ್ಜೆ ಇಟ್ಟು ಕಟ್ ಮಾಡುತ್ತಾನೆ. ಸಿಗ್ನಲ್ ಸೆಕೆಂಡಿಗೆ ಕನಿಷ್ಠ ಸಾವಿರ ಸಲ ದಾಖಲಾಗಬೇಕು, ಇಲ್ಲದಿದ್ದರೆ ಈ ಲೆಕ್ಕ ಸಿಗುವುದಿಲ್ಲ. 20 ಹರ್ಟ್ಸ್‌ಗಿಂತ ಕೆಳಗಿನದನ್ನು ತೆಗೆದುಹಾಕಿದರೆ ವೈರ್ ಅಲುಗಿದ ಗಲಾಟೆ ಬಹಳಷ್ಟು ಹೋಗುತ್ತದೆ. ಉಳಿದದ್ದರಲ್ಲಿ ಹ್ಯಾಮ್‌ಸ್ಟ್ರಿಂಗ್ ಗೆರೆ ಪಾದದ ಗೆರೆಗಿಂತ ಮುಂಚೆ ಏಳುತ್ತಿದೆಯಾ ಅಂತ ನೋಡುವುದು. ಒಂದು ಕಟ್‌ಗೂ ಇನ್ನೊಂದಕ್ಕೂ ವ್ಯತ್ಯಾಸ ಇರುತ್ತದೆ, ಹಾಗಾಗಿ ಹಲವು ಸಲ ಮಾಡಿಸಿ ಸರಾಸರಿ ಹಿಡಿಯಬೇಕು.

ಇಲ್ಲೊಂದು ಎಚ್ಚರ. ಎಷ್ಟೋ ಜನರಿಗೆ ಹೊಸ ಲಿಗಮೆಂಟ್ ಮಾಡಲು ಅದೇ ಕಾಲಿನ ಸೆಮಿಟೆಂಡಿನೋಸಸ್ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಯನ್ನೇ (ಟೆಂಡನ್) ತೆಗೆದಿರುತ್ತಾರೆ. ಆ ಸ್ನಾಯು ಮೇಲಕ್ಕೆ ಸರಿದು ಗಿಡ್ಡ ಆಗಿರಬಹುದು. ಪುಸ್ತಕದ ಅಳತೆಯಲ್ಲಿ ಸ್ಟಿಕರ್ ಹಾಕಿದರೆ ಕೆಳಗೆ ಬೇರೆಯದೇ ಸ್ನಾಯು ಇರುತ್ತದೆ. ಮೊದಲೇ ಡಿಸ್ಚಾರ್ಜ್ ಸಮರಿ ಓದಿ, ಗ್ರಾಫ್ಟ್, ಅಂದರೆ ಹೊಸ ಲಿಗಮೆಂಟ್‌ಗೆ ಬಳಸಿದ ತುಂಡು, ಎಲ್ಲಿಂದ ತೆಗೆದಿದ್ದಾರೆ ನೋಡಿ, ಮಂಡಿ ಮಡಚಿಸಿ ಕೈಯಿಂದ ಹುಡುಕಿ ಅಂಟಿಸಿ. ಅಷ್ಟಾದರೂ ಪಕ್ಕದ ಸ್ನಾಯುವಿನ ಸಿಗ್ನಲ್ ಪಕ್ಕದ ಮನೆ ಟಿವಿ ಸದ್ದಿನ ಹಾಗೆ ಗೋಡೆ ದಾಟಿ ಬಂದೇ ಬರುತ್ತದೆ. ಸಣ್ಣ ಮತ್ತು ಆಳದ ಸ್ನಾಯುಗಳಿಗೆ ಈ ಸ್ಟಿಕರ್ ಆಟ ನಡೆಯುವುದೇ ಇಲ್ಲ. ಭುಜದ ಸುಪ್ರಾಸ್ಪೈನೇಟಸ್ ಅಳೆದೆ ಅಂದವರಿಗೆ ಸಿಕ್ಕಿದ್ದು ಬಹುಪಾಲು ಮೇಲಿರುವ ಟ್ರಪೀಜಿಯಸ್.

ಕೋಚ್‌ಗಳು ಬಂದು "ಮೇಡಂ, ಮಿಷನ್ನಾಗೆ ಚೆನ್ನಾಗ್ ಬಂತಂತಲ್ಲ, ಹಬ್ಬದ ಟೂರ್ನಮೆಂಟ್‌ಗೆ ಆಡುಸ್ಬೋದಾ?" ಅಂತ ಕೇಳುತ್ತಾರೆ. ಐದು ತಿಂಗಳೂ ಆಗಿರುವುದಿಲ್ಲ. ಗ್ರಾಫ್ ಎಷ್ಟೇ ಚೆಂದ ಇದ್ದರೂ ನಾನು ಒಪ್ಪುವುದಿಲ್ಲ. ಒಳಗಿನ ಹೊಸ ಲಿಗಮೆಂಟ್ ಗಟ್ಟಿಯಾಗಿದೆಯಾ ಅಂತ ಇಎಂಜಿ ಹೇಳುವುದಿಲ್ಲ. ನಾರ್ವೆಯ ಒಂದು ಅಧ್ಯಯನದಲ್ಲಿ, ಒಂಬತ್ತು ತಿಂಗಳ ತನಕ ಆಟಕ್ಕೆ ಮರಳುವುದನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮತ್ತೆ ಪೆಟ್ಟಾಗುವ ಪ್ರಮಾಣ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿತ್ತು. ಆ ಒಂಬತ್ತು ತಿಂಗಳು, ಎರಡು ಕಾಲಿನ ಬಲದಲ್ಲಿ ಶೇ 90ರ ಹೊಂದಿಕೆ, ಒಂಟಿಗಾಲಿನ ಜಿಗಿತಗಳು, ಇವೆಲ್ಲ ಆದಮೇಲೆ ನನ್ನ ಗ್ರಾಫು.

ಹೊಸದಾಗಿ ಶುರು ಮಾಡುವ ಫಿಸಿಯೋ ಹುಡುಗ ಹುಡುಗಿಯರು ಯಾವ ಯಂತ್ರ ತಗೊಳ್ಳಲಿ ಅಂತ ಕೇಳುತ್ತಿರುತ್ತಾರೆ. ಕ್ಲಿನಿಕ್‌ನಲ್ಲಿ ಫೀಡ್‌ಬ್ಯಾಕ್ ಕೊಡುವುದಕ್ಕೆ ಎರಡು ಚಾನೆಲ್ ಸಾಕು, ಒಂದು ಮುಂದೊಡೆಗೆ, ಒಂದು ಹಿಂದೊಡೆಗೆ. ಓಟ, ಜಿಗಿತ ನೋಡಬೇಕಾದರೆ ವೈರ್‌ಲೆಸ್ ನಾಲ್ಕು ಚಾನೆಲ್. ಕಚ್ಚಾ ಸಿಗ್ನಲ್ ತೋರಿಸಿ ಫೈಲ್ ಉಳಿಸಿಕೊಳ್ಳಲು ಬಿಡುವುದನ್ನೇ ತಗೊಳ್ಳಿ. ಬರೀ ಬಣ್ಣದ ಪಟ್ಟಿ ಏರಿಸಿ ಇಳಿಸಿ ತೋರಿಸುವುದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ, ಆ ಪಟ್ಟಿ ಏರಿದ್ದು ಸ್ನಾಯುವಿಗೋ ಫ್ಯಾನ್ ರೆಗ್ಯುಲೇಟರ್‌ಗೋ ಅಂತ ನಿಮಗೆ ಗೊತ್ತೇ ಆಗುವುದಿಲ್ಲ.